ಡಬ್ಬಿ ಖಾಲಿ ಮಾಡುವವರು ಯಾರು?

ನಮ್ಮ ಗಾಡಿಯೊಳಗೆ ಪಾಯಖಾನೆ ಇದೆ ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ವಾಸನೆಯದ್ದು. ಎರಡನೆಯದು ಖರ್ಚಿನದ್ದು. ಅದಕ್ಕೆ ನೀರೇ ಬೇಡ ಅಂದರೆ ಮುಖ ಕಿವುಚುತ್ತಾರೆ. ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯನ್ನು ಮಾತ್ರ ಹೆಚ್ಚಿನವರು ಕೇಳುವುದಿಲ್ಲ. ತುಂಬಿದ ಡಬ್ಬಿಯನ್ನು ಖಾಲಿ ಮಾಡುವವರು ಯಾರು? ಇಲ್ಲಿ ಮೂರಕ್ಕೂ ಉತ್ತರ ಬರೆದಿದ್ದೇವೆ. ಮೂರನೆಯದು ಸ್ವಲ್ಪ ಹೆಚ್ಚು ಜಾಗ ಹಿಡಿದಿದೆ, ಸಹಿಸಿಕೊಳ್ಳಿ.

ನಾವು ಅಂದರೆ ಇಸಳೂರಿನ ಒಂದು ಮನೆ. ಗಂಡ, ಹೆಂಡತಿ, ಮೂರನೇ ಕ್ಲಾಸಿನ ಮಗಳು, ಮತ್ತೆ ಆಯಿ. ಆಯಿಗೆ ಈಗ 69. ಸಕ್ಕರೆ ಕಾಯಿಲೆ ಇದೆ, ಎರಡೂ ಮೊಣಕಾಲು ಸೋತಿವೆ, ಗಂಟೆಗೊಮ್ಮೆ ಒಂದಕ್ಕೆ ಹೋಗಲೇಬೇಕು. ಹತ್ತು ವರ್ಷದಿಂದ ಶಿರಸಿ ಪೇಟೆಯ ಡಾಕ್ಟರ ಹತ್ತಿರ ಹೋಗುವುದು ಬಿಟ್ಟರೆ ಆಯಿ ಮನೆಯಂಗಳ ದಾಟಿದ್ದು ಕಡಿಮೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆಗೂ ಇಲ್ಲ. ‘ನಂಗೆ ಆ ಜನ ಆಗ್ತಿಲ್ಲೆ’ ಅನ್ನುತ್ತಿದ್ದಳು. ಕಾರಣ ಜನ ಅಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ದೂರದ ಪ್ರಯಾಣ ಅಂದರೆ ನಮ್ಮ ಕಡೆಯ ಹೆಂಗಸರು ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ ಮಾಡುತ್ತಾರೆ. ಬೆಳಿಗ್ಗೆ ಚಹಾ ಅರ್ಧ ಲೋಟ, ಆಮೇಲೆ ಊರು ಮುಟ್ಟುವ ತನಕ ತುಟಿ ಒದ್ದೆ ಮಾಡಿಕೊಳ್ಳುವಷ್ಟೇ. ಗಂಡಸರು ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಇಳಿಯುತ್ತಾರೆ, ಹೆಂಗಸರು ಒಳಗೇ ಕೂತು ಕಿಟಕಿಯಾಚೆ ನೋಡುತ್ತಾರೆ. ಹುಬ್ಬಳ್ಳಿಯಲ್ಲಿ ಒಂದು ಮದುವೆ ಮುಗಿಸಿ ಬಂದ ಮೇಲೆ ಆಯಿಗೆ ಮೂತ್ರದ ಸೋಂಕು ಆಗಿ ಜ್ವರ ಏರಿತು, ನಾಲ್ಕು ದಿನ ಡ್ರಿಪ್ಪು ಹಾಕಿಸಿಕೊಂಡು ಮಲಗಿದಳು. ಆಮೇಲೆ ಎಲ್ಲಿಗೆ ಕರೆದರೂ ‘ಆನು ಬತ್ನಿಲ್ಲೆ’ ಎಂಬ ಒಂದೇ ಮಾತು. ಶೃಂಗೇರಿ, ಹೊರನಾಡು ನೋಡಬೇಕು ಎಂದು ಅಪ್ಪಯ್ಯ ಇದ್ದಾಗಿನಿಂದ ಆಸೆ ಇಟ್ಟುಕೊಂಡವಳು ಅದನ್ನೂ ಬಿಟ್ಟಿದ್ದಳು.

ಗಾಡಿ ಸಿಕ್ಕಿದ್ದು ಭಾವನಿಂದ. ಭಾವ ಮದುವೆ, ಮುಂಜಿಗೆ ಅಡುಗೆ ಕಂಟ್ರಾಕ್ಟು ಹಿಡಿಯುವವನು. ಪಾತ್ರೆ, ಜನ ಎರಡನ್ನೂ ಹೊರುತ್ತಿದ್ದ ಹಳೇ ಟೆಂಪೋ ಟ್ರಾವೆಲರನ್ನು ನಮಗೆ ಕಂತಿನ ಮೇಲೆ ಕೊಟ್ಟ. ಸುದ್ದಿಗೆ ಇಷ್ಟು ಅಂತ ಬರುವ ದುಡ್ಡಿನಲ್ಲಿ ಒಟ್ಟಿಗೇ ಕೊಡುವ ತಾಕತ್ತು ನಮಗಿರಲಿಲ್ಲ. ಮಾಡಿಕೊಳ್ಳಬೇಕೆಂದಿರುವವರಿಗೆ ಒಂದು ಮಾತು. ಗಾಡಿಯ ಸೀಟು ಕಿತ್ತರೆ, ರೂಪ ಬದಲಿಸಿದರೆ ಆರ್‌ಸಿ ಪುಸ್ತಕದಲ್ಲಿ ಇರುವುದಕ್ಕೂ ಗಾಡಿಗೂ ಹೊಂದಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಇದಕ್ಕೆ. ನಾವು ಹಿಂದಿನ ಸೀಟು ತೆಗೆಯುವ ಮೊದಲು ಆರ್‌ಟಿಓ ಕಚೇರಿಯಲ್ಲಿ ಅರ್ಜಿ ಕೊಟ್ಟು ಒಪ್ಪಿಗೆ ಪಡೆದೆವು. ಉಳಿದದ್ದೆಲ್ಲ ಲಗೇಜಿನ ಥರ, ಬೆಲ್ಟಿನಲ್ಲಿ ಬಿಗಿದು ಬಿಚ್ಚುವಂಥದ್ದು. ಗಾಡಿಗೆ ಒಂದು ವೆಲ್ಡಿಂಗೂ ಮಾಡಿಸಿಲ್ಲ.

ನೀರಿಲ್ಲದ್ದೇ ಯಾಕೆ ಅಂದರೆ ಲೆಕ್ಕ ಸುಲಭ. ಒಮ್ಮೆ ಫ್ಲಶ್ ಎಳೆದರೆ 6 ಲೀಟರ್ ಹಿಡಿಯಿರಿ, ಹಳೆಯ ಟ್ಯಾಂಕಾದರೆ 10. ನಾಲ್ಕು ಜನ ದಿನಕ್ಕೆ ಐದೈದು ಸಲ ಹೋದರೆ 120 ಲೀಟರ್ ಆಯಿತು. ನಮ್ಮ ಗಾಡಿಯ ನೀರಿನ ಡ್ರಮ್ಮು 60 ಲೀಟರಿನದು, ಅಡುಗೆಗೂ ಕುಡಿಯುವುದಕ್ಕೂ ಅದೇ. ಹೋಗಲಿ, ನೀರು ಇದೆ ಅಂದುಕೊಂಡರೂ ಆ ಗಲೀಜು ನೀರನ್ನು ಎಲ್ಲಿ ಬಿಡುವುದು? ಪೇಟೆಯಲ್ಲಿ ಸಿಗುವ ಡಬ್ಬಿ ಟಾಯ್ಲೆಟ್‌ಗೆ ನೀಲಿ ದ್ರಾವಣ ಹಾಕಬೇಕು. ಅದನ್ನು ತೋಟಕ್ಕೆ ಹಾಕುವ ಹಾಗಿಲ್ಲ, ಗೊಬ್ಬರ ಮಾಡುವ ಜೀವಾಣುಗಳನ್ನೇ ಕೊಲ್ಲುವ ಸಾಮಾನು.

ನಮ್ಮದು ಹೀಗಿದೆ. ಇಸಳೂರಿನ ಆಚಾರಿಯೊಬ್ಬರು 18 ಮಿಲಿಮೀಟರ್ ಪ್ಲೈವುಡ್‌ನಲ್ಲಿ 17 ಇಂಚು ಎತ್ತರದ ಪೆಟ್ಟಿಗೆ ಮಾಡಿಕೊಟ್ಟರು. ಮೇಲೆ ಕಮೋಡಿನ ಸೀಟು, ಒಳಗೆ ಬಣ್ಣದ ಅಂಗಡಿಯಲ್ಲಿ ಸಿಗುವ 20 ಲೀಟರ್ ಬಕೆಟ್, ಮುಚ್ಚಳ ಸಮೇತ. ಮುಖ್ಯ ಗುಟ್ಟು ಏನೆಂದರೆ ಒಂದನ್ನೂ ಎರಡನ್ನೂ ಸೇರಲು ಬಿಡಬಾರದು. ಸೇರಿದರೆ ಕೊಳೆತು ನಾರುತ್ತದೆ, ಬೇರೆ ಬೇರೆ ಇದ್ದರೆ ಎರಡೂ ಬಹುಮಟ್ಟಿಗೆ ಸುಮ್ಮನಿರುತ್ತವೆ. ಅದಕ್ಕೆ ಸೀಟಿನ ಮುಂಭಾಗದ ಅಡಿಯಲ್ಲಿ 5 ಲೀಟರಿನ ಎಣ್ಣೆ ಕ್ಯಾನನ್ನು ಓರೆಯಾಗಿ ಕತ್ತರಿಸಿ ಆಳಿಗೆಯ ಹಾಗೆ ಕೂರಿಸಿದ್ದೇವೆ. ಅಲ್ಲಿಂದ ಪೈಪು, ಪೈಪಿನ ತುದಿಗೆ 10 ಲೀಟರಿನ ಕ್ಯಾನು. ಆಳಿಗೆಯ ತೂತಿನ ಮೇಲೆ ಮಗಳ ಟೇಬಲ್ ಟೆನಿಸ್ ಚೆಂಡು. ಮೂತ್ರ ಬಂದಾಗ ಚೆಂಡು ತೇಲಿ ದಾರಿ ಬಿಡುತ್ತದೆ, ಹರಿದು ಹೋದ ಮೇಲೆ ಕೂತು ತೂತು ಮುಚ್ಚುತ್ತದೆ. ಇಡೀ ಗಾಡಿಯಲ್ಲಿ ಮಗಳಿಗೆ ಹೆಮ್ಮೆ ಇರುವುದು ಈ ಒಂದು ಭಾಗದ ಬಗ್ಗೆ.

ಎರಡಕ್ಕೆ ಹೋದ ಮೇಲೆ ದೊಡ್ಡ ಕರಟದಲ್ಲಿ ಒಂದು ಕರಟ ಹುಡಿ ಹಾಕಬೇಕು. ಸಾಮಿಲ್ಲಿನ ಮರದ ಹುಡಿ ಎರಡು ಪಾಲು, ಬಚ್ಚಲ ಒಲೆಯ ಬೂದಿ ಜರಡಿ ಹಿಡಿದದ್ದು ಒಂದು ಪಾಲು. ಹುಡಿ ಪಸೆ ಹೀರುತ್ತದೆ, ಬೂದಿ ಕ್ಷಾರ ಹೆಚ್ಚಿಸಿ ರೋಗಾಣುಗಳನ್ನು ತಗ್ಗಿಸುತ್ತದೆ. ಇನ್ನೊಂದು, ಕಂಪ್ಯೂಟರಿನ ಒಳಗಿರುವಂಥ 12 ವೋಲ್ಟಿನ ಸಣ್ಣ ಫ್ಯಾನು. ಬಕೆಟ್ ಇರುವ ಪೆಟ್ಟಿಗೆಯ ಗಾಳಿಯನ್ನು ಎಳೆದು ಪೈಪಿನಲ್ಲಿ ಹೊರಗೆ ಬಿಡುತ್ತದೆ. 2 ವ್ಯಾಟ್ ಕೂಡ ತಿನ್ನುವುದಿಲ್ಲ, ಹಗಲು ರಾತ್ರಿ ಓಡಿದರೂ ಬ್ಯಾಟರಿಗೆ ಭಾರವಲ್ಲ. ವಾಸನೆಯ ಪ್ರಶ್ನೆಗೆ ಉತ್ತರ ಇಷ್ಟೇ. ಮಳೆಗಾಲದಲ್ಲಿ ಹುಡಿ ತಂಡಿ ಹಿಡಿದರೆ ಮಾತ್ರ ಸ್ವಲ್ಪ ಬರುತ್ತದೆ, ಆಗ ಹುಡಿಯನ್ನು ಅಡಿಕೆ ಒಣಗಿಸುವ ಹೊಗೆಅಟ್ಟದ ಮೇಲೆ ಎರಡು ದಿನ ಇಟ್ಟು ತಂದರೆ ಆಯಿತು.

ಇಲ್ಲಿಯವರೆಗೆ ಮೊಬೈಲಿನಲ್ಲಿ ನೋಡಿ ಯಾರು ಬೇಕಾದರೂ ಮಾಡಬಹುದು. ತೊಡಕು ಬಂದದ್ದು ತೊಳೆದುಕೊಳ್ಳುವುದರಲ್ಲಿ. ವಿಡಿಯೋ ಮಾಡುವ ಬಿಳಿಯರು ಕಾಗದದಲ್ಲಿ ಒರೆಸಿ ಎದ್ದು ಹೋಗುತ್ತಾರೆ, ಅವರಿಗೆ ಈ ತಲೆಬಿಸಿಯೇ ಇಲ್ಲ. ನಮಗೆ ನೀರು ಬೇಕು, ಆದರೆ ಆ ನೀರು ಬಕೆಟ್ಟಿಗೆ ಬಿದ್ದರೆ ಮಾಡಿದ್ದೆಲ್ಲ ಹಾಳು. ತಮಿಳುನಾಡಿನ ಮುಸಿರಿಯಲ್ಲಿ ಕಟ್ಟಿದ ಒಣ ಪಾಯಖಾನೆಗಳಲ್ಲಿ ಇದಕ್ಕೆ ಬೇರೆಯದೇ ಜಾಗ ಇದೆ. ಕೂತವರು ಎದ್ದು ಆಚೆಗೆ ಸರಿದು ತೊಳೆದುಕೊಳ್ಳುತ್ತಾರೆ. ಆಯಿಯ ಮೊಣಕಾಲಿಗೆ ಅದು ಆಗದ ಮಾತು. ಆಚಾರಿಯವರೇ ಉಪಾಯ ತೆಗೆದರು. ಸೀಟಿನ ಅಡಿಯಲ್ಲಿ ಎರಡು ಪಟ್ಟಿ ಹೊಡೆದು, ಅದರ ಮೇಲೆ ಸ್ಟೀಲಿನ ಹರಿವಾಣವೊಂದು ಡ್ರಾವರಿನ ಹಾಗೆ ಸರಿಯುವಂತೆ ಮಾಡಿದರು. ಕೆಲಸ ಮುಗಿದ ಮೇಲೆ ಕೂತಲ್ಲಿಂದಲೇ ಹಿಡಿಕೆ ಎಳೆದರೆ ಹರಿವಾಣ ಬಕೆಟಿನ ಮೇಲೆ ಬರುತ್ತದೆ. ಬಾಟಲಿಯಲ್ಲಿ ತೊಳೆದುಕೊಂಡ ನೀರು ಅದರ ಓರೆಗೆ ಇಳಿದು ಮೂರನೇ ಕ್ಯಾನಿಗೆ ಹೋಗುತ್ತದೆ. ಒಮ್ಮೆಗೆ ಕಾಲು ಲೀಟರಿನಿಂದ ಅರ್ಧ ಲೀಟರ್ ಸಾಕು. ಹಾಗಾಗಿ ನೀರಿಲ್ಲದ ಪಾಯಖಾನೆ ಅನ್ನುವುದು ಪೂರ್ತಿ ನಿಜ ಅಲ್ಲ, ಲೋಟದ ನೀರಿನ ಪಾಯಖಾನೆ ಅನ್ನಬಹುದು.

ಪ್ಲೈವುಡ್, ಬಕೆಟ್, ಪೈಪು, ಫ್ಯಾನು, ಆಚಾರಿಯವರ ಕೂಲಿ, ಸ್ನಾನದ ಪಂಪು, ಟಾರ್ಪಾಲಿನ ಪರದೆ ಎಲ್ಲ ಸೇರಿ ₹6,550 ಆಗಿದೆ.

ಸ್ನಾನದ ಪಂಪು ಅಂದದ್ದು ತೋಟದಲ್ಲಿ ಔಷಧಿ ಹೊಡೆಯುವ 5 ಲೀಟರಿನ ಕೈಪಂಪು. ಹೊಸದೇ ತಂದದ್ದು, ಮೈಲುತುತ್ತ ಕಂಡದ್ದಲ್ಲ. ಕಪ್ಪು ಬಣ್ಣ ಹೊಡೆದ ಕ್ಯಾನಿನಲ್ಲಿ ನೀರು ತುಂಬಿ ಗಾಡಿಯ ತಲೆ ಮೇಲೆ ಇಟ್ಟರೆ ಸಂಜೆ ನಾಲ್ಕಕ್ಕೆ ಹದ ಬಿಸಿ ಇರುತ್ತದೆ. ಪಂಪು ಒತ್ತಿ ಗಾಳಿ ತುಂಬಿಸಿಕೊಂಡು ದೊಡ್ಡ ಟಬ್ಬಿನಲ್ಲಿ ಸ್ಟೂಲ್ ಹಾಕಿ ಕೂತರೆ 3 ಲೀಟರಿನಲ್ಲಿ ಸ್ನಾನ. ಮಲೆನಾಡಿನ ಬಚ್ಚಲಿನಲ್ಲಿ ಹಂಡೆಗಟ್ಟಲೆ ಸುಡುನೀರು ಹೊಯ್ದುಕೊಂಡು ಬೆಳೆದವರಿಗೆ ಇದು ತಮಾಷೆಯೇ. ಮೊದಲ ದಿನ ಆಯಿ ಹೊರಗೆ ಬಂದು ಹೇಳಿದ್ದು, ‘ಇದು ಸ್ನಾನ ಅಲ್ದೋ ತಮಾ, ಪ್ರೋಕ್ಷಣೆ.’ ಆಮೇಲೆ ತಾನೇ ಸಮಾಧಾನವನ್ನೂ ಹೇಳಿಕೊಂಡಳು. ಕೈಲಾಗದವರಿಗೆ ಮಂತ್ರಸ್ನಾನ, ಭಸ್ಮಸ್ನಾನ ಎಲ್ಲ ಶಾಸ್ತ್ರದಲ್ಲೇ ಇದೆ, ಮೂರು ಲೀಟರ್ ಅಂದರೆ ಅದಕ್ಕಿಂತ ಮೇಲೇ ಆಯಿತಲ್ಲ!

ಆದರೆ ಪಾಯಖಾನೆಗೆ ಅಷ್ಟು ಸುಲಭದಲ್ಲಿ ಒಪ್ಪಲಿಲ್ಲ. ‘ಗಾಡಿ ಒಳಗೇ ಅದನ್ನೂ ಮಾಡದಾ? ಅಲ್ಲೇ ಅನ್ನ ಬೇಯ್ಸದಾ?’ ಮಡಿ ಮೈಲಿಗೆಯಲ್ಲಿ ಬೆಳೆದವಳ ಪ್ರಶ್ನೆ, ನಾವು ನಗಲಿಲ್ಲ. ಅಡುಗೆಯ ಒಲೆಯನ್ನು ಗಾಡಿಯ ಹೊರಗೆ ಇಡುವುದೆಂದು ಒಪ್ಪಂದವಾಯಿತು. ಸೋಂದೆಗೆ ಹೋಗಿ ಸಂಜೆಗೆ ತಿರುಗಿ ಬಂದದ್ದು ನಮ್ಮ ಮೊದಲ ಪರೀಕ್ಷೆ. ಜನವರಿಯಲ್ಲಿ ಸಿದ್ದಾಪುರ, ಸಾಗರ, ತೀರ್ಥಹಳ್ಳಿ ಮಾರ್ಗವಾಗಿ ಶೃಂಗೇರಿಗೆ ಹೊರಟೆವು, ಐದು ದಿನದ ಲೆಕ್ಕ.

ಮೂರನೇ ದಿನ ಸಂಜೆ ದಾರಿಯ ಒಂದು ಊರಿನ ಛತ್ರದ ಅಂಗಳದಲ್ಲಿ ಗಾಡಿ ನಿಲ್ಲಿಸಿದ್ದೆವು. ಊರು, ಛತ್ರದ ಹೆಸರು ಬೇಡ. ಮೂತ್ರದ ಕ್ಯಾನು ತುಂಬಿತ್ತು. ನಾಲ್ಕು ಜನರ ಗಾಡಿಯಲ್ಲಿ ಅದು ಎರಡು ದಿನಕ್ಕೆ ತುಂಬುತ್ತದೆ, ಒಬ್ಬ ದೊಡ್ಡವರಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್. ಹಿತ್ತಲಿನ ಬಾಳೆ ಬುಡಕ್ಕೆ ನೀರು ಬೆರೆಸಿ ಹಾಕಬಹುದೇ ಎಂದು ಅಲ್ಲಿ ನೋಡಿಕೊಳ್ಳುವವರನ್ನು ಕೇಳಿದೆವು. ಅವರು ತುಂಬ ಮರ್ಯಾದೆಯಿಂದಲೇ ಹೇಳಿದರು: ‘ನೀವು ಯಾಕೆ ಕೈ ಹಾಕ್ತೀರಿ? ಒಬ್ಬ ಹುಡುಗ ಇದ್ದಾನೆ. ಐವತ್ತು ರೂಪಾಯಿ ಕೊಡಿ, ಬಕೆಟ್ಟೂ ಚೊಕ್ಕ ಮಾಡಿಕೊಡ್ತಾನೆ. ಅವರಿಗೆ ಅಭ್ಯಾಸ ಇರ್ತದೆ.’ ಹುಡುಗ ಆಗಲೇ ಬಂದು ನಿಂತಿದ್ದ. ಹದಿನಾರು ಹದಿನೇಳು ಇರಬೇಕು, ಕಾಲೇಜಿನ ಹುಡುಗರ ಥರ ಕೂದಲು ಬಿಟ್ಟಿದ್ದ. ‘ಅವರಿಗೆ’ ಅಂದರೆ ಯಾರಿಗೆ ಎಂದು ನಾವೂ ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ. ಕೇಳದೆಯೇ ಎಲ್ಲರಿಗೂ ಅರ್ಥವಾಗುವ ಮಾತು ಅದು. ನಾವು ಬೇಡ ಅಂದೆವು. ಹುಡುಗನ ಮುಖವೇನೂ ಅರಳಲಿಲ್ಲ, ಐವತ್ತು ರೂಪಾಯಿ ಹೋಯಿತಲ್ಲ.

ಆ ರಾತ್ರಿ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ನೀರಿಲ್ಲದ ಪಾಯಖಾನೆ ಅಂದರೆ ಪರಿಸರದ ಕೆಲಸ ಎಂದು ಹೊರದೇಶದವರು ಹೆಮ್ಮೆಯಿಂದ ಹೇಳಬಹುದು. ನಮ್ಮ ನಾಡಿನಲ್ಲಿ ಒಣ ಪಾಯಖಾನೆಗೆ ಬೇರೆಯೇ ಇತಿಹಾಸ ಇದೆ. ಕೋಲಾರದ ಚಿನ್ನದ ಗಣಿಯ ಕಾಲೋನಿಗಳಲ್ಲಿ ಇದ್ದದ್ದು ಒಣ ಪಾಯಖಾನೆಗಳೇ, ಅವುಗಳ ಮಲವನ್ನು ಬಕೆಟಿನಲ್ಲಿ ತುಂಬಿ ಸಾಗಿಸಲು ಒಂದು ಜಾತಿಯ ಜನರನ್ನೇ ಇಟ್ಟಿದ್ದರು. 1966ರಲ್ಲಿ ಅಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ತಂದೆ, ಅಣ್ಣ ಅದೇ ಕೆಲಸ ಮಾಡಿದವರು. ವಿಲ್ಸನ್ ಆ ಪದ್ಧತಿಯ ವಿರುದ್ಧವೇ ಎದ್ದು ನಿಂತು ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು, 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದಕ್ಕೂ ಮುಂಚೆ, 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದರು. 1993ರಲ್ಲಿ ದೇಶಕ್ಕೆ ಒಂದು ಕಾನೂನು ಬಂತು, 2013ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು. ನಿಷೇಧ ಆಗಿ ಮೂರೂವರೆ ದಶಕ ಕಳೆದ ಮೇಲೆ, 2010ರ ಜುಲೈಯಲ್ಲಿ, ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಎದುರು ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ನಮ್ಮ ಪತ್ರಿಕೋದ್ಯಮ ಡಿಪ್ಲೊಮಾ ತರಗತಿಯಲ್ಲಿ ಆ ಫೋಟೋ ಕೈಯಿಂದ ಕೈಗೆ ಹೋಗಿತ್ತು. ಅದರ ಬಗ್ಗೆ ಏನು ಬರೆಯಬೇಕೆಂದು ಯಾರಿಗೂ ತೋಚಿರಲಿಲ್ಲ.

2013ರ ಕಾನೂನು ಓದಿದರೆ ವಿಷಯ ಸ್ಪಷ್ಟ. ಮಲ ಪೂರ್ತಿ ಕೊಳೆತು ಮಣ್ಣಾಗುವ ಮೊದಲೇ ಕೈಯಲ್ಲಿ ತೆಗೆಯಬೇಕಾಗುವ ಪಾಯಖಾನೆ ಅನೈರ್ಮಲ್ಯದ್ದು, ಆ ಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಂಡರೆ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದ ತನಕ ಜೈಲು, ಇಲ್ಲವೇ ₹50,000 ತನಕ ದಂಡ, ಅಥವಾ ಎರಡೂ. ಆ ಹುಡುಗನಿಗೆ ಐವತ್ತು ರೂಪಾಯಿ ಕೊಟ್ಟು ಬಕೆಟ್ ಎತ್ತಿಸಿದ್ದರೆ ನಾವು ಮಾಡುತ್ತಿದ್ದದ್ದು ಅದೇ. ಕಾನೂನು ಇಲ್ಲದಿದ್ದರೂ ಅದು ಅದೇ.

ಹಾಗಾಗಿ ನಮ್ಮ ಗಾಡಿಗೆ ಒಂದು ಕಟ್ಟುಪಾಡು. ಬಕೆಟ್ಟನ್ನು ಮನೆಯವರಲ್ಲದೆ ಬೇರೆ ಯಾರೂ ಮುಟ್ಟಕೂಡದು, ದುಡ್ಡಿಗೂ ಇಲ್ಲ, ಉಪಕಾರಕ್ಕೂ ಇಲ್ಲ. ಮನೆಯವರಲ್ಲಿ ಯಾರು ಅನ್ನುವುದೂ ಪ್ರಶ್ನೆಯೇ. ಡರ್ಬಾನಿನ ಮನೆಯಲ್ಲಿ ಗುಮಾಸ್ತನ ಮೂತ್ರದ ಪಾತ್ರೆ ಎತ್ತುವ ವಿಷಯಕ್ಕೆ ಗಾಂಧಿ ಕಸ್ತೂರಬಾ ಮೇಲೆ ರೇಗಿ ಬಾಗಿಲ ತನಕ ಎಳೆದುಕೊಂಡು ಹೋದ ಕಥೆ ಅವರ ಆತ್ಮಕಥೆಯಲ್ಲೇ ಇದೆ. ದೊಡ್ಡ ತತ್ವಗಳ ಕೊನೆಯ ಬಕೆಟ್ ಹೆಂಡತಿಯ ಕೈಗೆ ಬರುವುದು ಹೊಸದಲ್ಲ. ನಮ್ಮಲ್ಲಿ ಅದು ಗಂಡನ ಕೆಲಸ ಎಂದು ಮೊದಲೇ ತೀರ್ಮಾನವಾಗಿದೆ. ಹುಡಿ, ಬೂದಿ ಜರಡಿ ಹಿಡಿಯುವುದು ಹೆಂಡತಿಯದು. ಮಗಳಿಗೆ ಚೆಂಡು ತೊಳೆಯುವ ಕೆಲಸ, ಕೈಗವಸು ಹಾಕಿಕೊಂಡು.

ದಾರಿಯಲ್ಲಿ ಬಕೆಟ್ ಖಾಲಿ ಮಾಡುವುದೇ ಇಲ್ಲ. 20 ಲೀಟರಿನ ಒಂದು ಬಕೆಟ್ ನಮಗೆ ಐದು ದಿನ ಬರುತ್ತದೆ, ಇನ್ನೊಂದು ಖಾಲಿ ಜೊತೆಗಿರುತ್ತದೆ, ತುಂಬಿದ್ದು ಮುಚ್ಚಳ ಬಿಗಿದುಕೊಂಡು ಊರಿಗೆ ಬರುತ್ತದೆ. ತೊಳೆದ ನೀರಿನ ಕ್ಯಾನನ್ನು ಗುರುತಿನವರ ತೋಟದಲ್ಲಿ ಕೇಳಿಕೊಂಡು, ಬಾವಿ ಹಳ್ಳದಿಂದ ದೂರ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚುತ್ತೇವೆ. ಇಸಳೂರಿನಲ್ಲಿ ತೋಟದ ಮೇಲಿನ ದಿಬ್ಬದಲ್ಲಿ, ಬಾವಿಯಿಂದ 15 ಮೀಟರಿಗಿಂತ ಆಚೆ, ನೆಲದ ಮೇಲೆಯೇ ಎರಡು ಜೊತೆ ಸಿಮೆಂಟ್ ರಿಂಗು ಇಟ್ಟಿದ್ದೇವೆ. ತಳಕ್ಕೆ ದರಕು, ಮೇಲೆ ದರಕು, ನಮ್ಮ ಮಳೆಗೆ ತಗಡಿನ ಮಾಡು. ರಿಂಗು ತುಂಬಿ ಮುಚ್ಚಿದ ತಾರೀಕನ್ನು ಅದರ ಮೈಮೇಲೆ ಬಣ್ಣದಲ್ಲಿ ಬರೆಯುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ತಂದ ಮಾರ್ಗಸೂಚಿಯ ಪ್ರಕಾರ ನಮ್ಮಂಥ ಬಿಸಿ ಪ್ರದೇಶದಲ್ಲಿ ಇದನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಬಿಡಬೇಕು. ನಾವು ಎರಡು ಮಳೆಗಾಲ ಎಂದು ಇಟ್ಟುಕೊಂಡಿದ್ದೇವೆ. ಅದನ್ನೂ ಅಡಿಕೆ, ಬಾಳೆಯ ಬುಡಕ್ಕೆ ಮಾತ್ರ, ಸೊಪ್ಪು ತರಕಾರಿಗೆ ಬೇಡ.

ಮೂತ್ರದ ಬಗ್ಗೆ ಇಷ್ಟು ಹೆದರಿಕೆ ಬೇಕಿಲ್ಲ. ಗಿಡಕ್ಕೆ ಬೇಕಾದ ಸಾರಜನಕ ಹೆಚ್ಚಿನ ಪಾಲು ಇರುವುದು ಅದರಲ್ಲೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಮನುಷ್ಯರ ಮೂತ್ರವನ್ನು ಗೊಬ್ಬರವಾಗಿ ಬಳಸಿ ಮೆಕ್ಕೆಜೋಳ ಬೆಳೆದು ಸಂಶೋಧನೆ ಮಾಡಿದ್ದಾರೆ. ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಮಳೆನೀರಿನ ಎಸ್. ವಿಶ್ವನಾಥ್ ಅವರ ಮನೆಯ ತಾರಸಿಯಲ್ಲೇ ಇಂಥ ಪಾಯಖಾನೆ ಇದೆ, ಅದೇ ತಾರಸಿಯಲ್ಲಿ ಅವರು ಭತ್ತವನ್ನೂ ಬೆಳೆದಿದ್ದಾರೆ. ಲಡಾಖಿನಲ್ಲಂತೂ ಮನೆಯ ಮೇಲಂತಸ್ತಿನಲ್ಲಿ ಮಣ್ಣು ಹಾಕುವ ಒಣ ಪಾಯಖಾನೆ, ಕೆಳಗೆ ಗೊಬ್ಬರದ ಕೋಣೆ. ಮನೆಯವರೇ ಅದನ್ನು ಹೊಲಕ್ಕೆ ಹೊರುತ್ತಾರೆ. ಕೊಟ್ಟಿಗೆ ಗೊಬ್ಬರಕ್ಕೆ ಅಂಜದ ನಮ್ಮವರು ಇದಕ್ಕೆ ಮಾತ್ರ ಯಾಕೆ ಇನ್ನೊಬ್ಬರ ಕೈ ಹುಡುಕುತ್ತಾರೆ ಎನ್ನುವುದಕ್ಕೆ ವಾಸನೆ ಕಾರಣವಲ್ಲ. ಸಗಣಿಯೇನು ಘಮಘಮ ಅನ್ನುತ್ತದೆಯೇ?

ಪ್ರಯಾಣದ ಸುದ್ದಿ ಕೇಳುವವರಿಗೆ ಶೃಂಗೇರಿಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಆಯಿ ತುಂಗೆಯ ದಡದಲ್ಲಿ ಕೂತು ಮೀನಿಗೆ ಮಂಡಕ್ಕಿ ಹಾಕಿದಳು, ದೇವಸ್ಥಾನದಲ್ಲಿ ನಿಧಾನಕ್ಕೆ ನಡೆದಳು. ನಮಗೆ ನೆನಪಿನಲ್ಲಿ ಉಳಿದದ್ದು ತೀರ್ಥಹಳ್ಳಿ ದಾಟಿದ ಮೇಲಿನ ಒಂದು ಸಣ್ಣ ಹೋಟೆಲು. ಎಲ್ಲರಿಗೂ ಮಜ್ಜಿಗೆ ಹೇಳಿದೆವು. ಆಯಿ ಒಂದು ಲೋಟ ಪೂರ್ತಿ ಕುಡಿದಳು, ಇನ್ನೊಂದು ತರಿಸಿ ಅದನ್ನೂ ಕುಡಿದಳು. ಪ್ರಯಾಣದ ನಡುವೆ ಅವಳು ಎರಡನೇ ಲೋಟ ಕೇಳಿದ್ದನ್ನು ನಾವು ಅದುವರೆಗೆ ನೋಡಿರಲಿಲ್ಲ. ಸೊಸೆಯೂ ಕುಡಿದಳು. ಅರ್ಧ ಗಂಟೆಯ ನಂತರ ರಸ್ತೆ ಬದಿ ಗಾಡಿ ನಿಲ್ಲಿಸಿ ಪರದೆ ಎಳೆದರೆ ಆಯಿತು, ಯಾರನ್ನೂ ಕೇಳಬೇಕಾಗಿರಲಿಲ್ಲ.

ಮೇ ತಿಂಗಳಿನಿಂದ ಆ ಪೆಟ್ಟಿಗೆ ಗಾಡಿಯಲ್ಲಿಲ್ಲ. ಹತ್ತಿರದ ಮನೆಯೊಂದರಲ್ಲಿ ಅಜ್ಜಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿದೆ. ಅವರ ಪಾಯಖಾನೆ ಹಿತ್ತಲಿನಾಚೆ, ಹತ್ತು ಮೆಟ್ಟಿಲು ಇಳಿಯಬೇಕು. ಪೆಟ್ಟಿಗೆ ಕೊಡುವಾಗ ಕಟ್ಟುಪಾಡನ್ನೂ ಹೇಳಿಯೇ ಕೊಟ್ಟಿದ್ದೇವೆ, ಬಕೆಟ್ಟನ್ನು ಇಬ್ಬರು ಗಂಡುಮಕ್ಕಳೇ ಸರದಿಯಲ್ಲಿ ಎತ್ತುತ್ತಿದ್ದಾರೆ. ನಮ್ಮ ಇನ್ನೊಂದು ಜೊತೆ ರಿಂಗನ್ನೂ ಅವರ ತೋಟಕ್ಕೆ ಸಾಗಿಸಿದ್ದಾಯಿತು. ಮಳೆ ಹಿಡಿದದ್ದರಿಂದ ಒಣ ಬೂದಿ ಸಾಲುತ್ತಿಲ್ಲ ಎಂದು ನಿನ್ನೆ ಫೋನ್ ಬಂದಿತ್ತು. ಒಂದು ಚೀಲ ಕಟ್ಟಿಟ್ಟಿದ್ದೇವೆ, ಸಂಜೆ ಹಾಲು ಕೊಡಲು ಹೋಗುವಾಗ ತಲುಪಿಸಬೇಕು.